ಹೂಂಗುಟ್ಟುವವರು ಬೇಕು

ಹಾವೇರಿಯ ಓದುಗರೊಬ್ಬರ ಪತ್ರ: ‘ಕಲ್ಪನೆಯ ಲೋಕವೊಂದರ ಕಾದಂಬರಿ ಬರೆಯುತ್ತಿದ್ದೇನೆ. ನಕಾಶೆ, ಪಂಚಾಂಗ, ಏಳು ರಾಜಮನೆತನ ಎಲ್ಲ ತಯಾರು. ಆ ಲೋಕ ಹುಟ್ಟಿದ ಕಥೆ ಮಾತ್ರ ಸರಿಯಾಗುತ್ತಿಲ್ಲ. ಪೂರ್ತಿ ಹೊಸ ಸೃಷ್ಟಿಕಥೆ ಬರೆಯುವುದು ಹೇಗೆ?’

ಸಂಪಾದಕರ ಉತ್ತರ: ನಕಾಶೆ ಬೇಕು, ಒಪ್ಪಿದೆ. ಇಲ್ಲದಿದ್ದರೆ ನಾಲ್ಕನೇ ಅಧ್ಯಾಯದಲ್ಲಿ ನದಿ ಬೆಟ್ಟ ಹತ್ತುತ್ತದೆ. ಆದರೆ ನೀವು ಕಳಿಸಿದ ಮೊದಲ ಪುಟ ‘ಆದಿಯಲ್ಲಿ ಕತ್ತಲೆಯಿತ್ತು’ ಅಂತ ಶುರುವಾಗುತ್ತದೆ. ನಮ್ಮ ಮೇಜಿನ ಮೇಲೆ ಕತ್ತಲೆಗೆ ಬರವಿಲ್ಲ ಮಾರಾಯರೇ! ಕತ್ತಲೆ, ಮೌನ, ಆಮೇಲೊಂದು ಬೆಳಕು. ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದೇ ಇರುವುದಿಲ್ಲ.

ಬ್ಯಾಬಿಲೋನಿನವರನ್ನು ನೋಡಿ. ಅವರ ಸೃಷ್ಟಿಕಥೆ 7 ಮಣ್ಣಿನ ಹಲಗೆಗಳಲ್ಲಿದೆ. ಮರ್ದುಕ್ ದೇವರು ಕಡಲತಾಯಿ ತಿಯಾಮತಳನ್ನು ಕೊಂದು, ಒಣಗಿಸುವ ಮೀನಿನ ಹಾಗೆ ಎರಡು ಸೀಳು ಮಾಡುತ್ತಾನೆ. ಒಂದು ಸೀಳು ಆಕಾಶವಾಗುತ್ತದೆ. ಹೊಸ ವರ್ಷದ ಹಬ್ಬದ 4ನೇ ದಿನ ಅದನ್ನು ದೇವರ ಮುಂದೆ ಓದುತ್ತಿದ್ದರು. ಲೋಕ ಹುಟ್ಟಿದ್ದು ನೆಪ, ನಮ್ಮೂರ ದೇವರೇ ದೊಡ್ಡವನು ಅನ್ನುವುದು ಒಳಗಿನ ಮಾತು. ಮತ್ತೆ ಆ ಮೀನು! ಮೀನು ಒಣಹಾಕಿದ್ದನ್ನು ಕಂಡವರಿಗೆ ತಾನೇ ಅದು ಹೊಳೆಯುವುದು?

ನಮ್ಮ ಮಾದಪ್ಪನ, ಅಂದರೆ ಮಲೆ ಮಾದೇಶ್ವರನ, ಜನಪದ ಕಾವ್ಯದಲ್ಲಿ ಆದಿಶಕ್ತಿ ಎಲ್ಲಕ್ಕಿಂತ ಮೂರು ದಿನ ಮೊದಲು ಹುಟ್ಟುತ್ತಾಳೆ. ಯುಗವಲ್ಲ, ಕಲ್ಪವಲ್ಲ, ಮೂರೇ ದಿನ. ಗಂಡು ಬೇಕೆಂದು ತಾನೇ ಬ್ರಹ್ಮನನ್ನು ಹುಟ್ಟಿಸುತ್ತಾಳೆ. ‘ನೀನು ತಾಯಿ’ ಅಂದವನನ್ನು ಸುಟ್ಟು ಬೂದಿ ಮಾಡುತ್ತಾಳೆ. ವಿಷ್ಣುವಿಗೂ ಅದೇ ಗತಿ. ಶಿವ ಮಾತ್ರ ಉಪಾಯ ಹೂಡಿ ಗೆಲ್ಲುತ್ತಾನೆ. ಕಂಸಾಳೆಯ ತಾಳಕ್ಕೆ ಇದು ಪಕ್ಕದ ಮನೆಯ ಜಗಳದಷ್ಟು ಹತ್ತಿರ ಬಂದುಬಿಡುತ್ತದೆ.

ಋಗ್ವೇದದಲ್ಲೂ ಕತ್ತಲೆ ಇದೆಯಲ್ಲ ಅನ್ನುತ್ತೀರಾ? ಇದೆ, 10ನೇ ಮಂಡಲದ ನಾಸದೀಯ ಸೂಕ್ತದಲ್ಲಿ. ಆದರೆ ಇದೆಲ್ಲ ಹೇಗಾಯಿತೆಂದು ಮೇಲಿರುವವನಿಗೆ ಗೊತ್ತು, ಅಥವಾ ಅವನಿಗೂ ಗೊತ್ತಿಲ್ಲವೋ ಏನೋ ಅಂತ ಕೊನೆಗೆ ಕೈಚೆಲ್ಲುವ ಧೈರ್ಯ ಅದಕ್ಕಿದೆ. ನಿಮ್ಮ ನಿರೂಪಕನಿಗೋ ಎಲ್ಲವೂ ಗೊತ್ತು.

ನನ್ನ ಅಜ್ಜಿ ಕಥೆ ಹೇಳುವಾಗ ನಾವು ‘ಹೂಂ’ ಅನ್ನಬೇಕಿತ್ತು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಈಗ ನನ್ನ ಮೊಮ್ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಥೆ ಕೇಳುತ್ತಾನೆ. ಅಲ್ಲಿ ಹೂಂ ಅಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಬರೆಯುವವರಿಗೂ ಅದೇ ರೋಗ ಬಂದಿದೆ. ಕೇಳುವವರ ಮುಖವೇ ನೆನಪಿಲ್ಲ. ಹಾಗಾಗಿ ರಾಜನ ಹೆಸರು ‘ಝಾರ್ಕೋನ್’, ಕೋಟೆಯ ಮೇಲೆಲ್ಲ ಹಿಮ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯಲ್ಲಿ ಕೂತು ಬರೆದ ಲೋಕದಲ್ಲಿ ಒಬ್ಬರಿಗೂ ಒಂದು ಸೀನು ಬರಲಿಲ್ಲವಲ್ಲ!

ನಿಮ್ಮ ಭಾಷೆ ಚೆನ್ನಾಗಿದೆ, ಅದಕ್ಕೇ ಇಷ್ಟು ಬೈದೆ. ಏಳು ರಾಜಮನೆತನ ಸ್ವಲ್ಪ ಬದಿಗಿಡಿ. ಆ ಲೋಕದಲ್ಲಿ ಕುಂಬಾರರು ಇದ್ದಾರಾ? ಲೋಕ ಹುಟ್ಟಿದ ಕಥೆಯನ್ನು ಅವರ ಮನೆಯಲ್ಲಿ ಹೇಗೆ ಹೇಳುತ್ತಾರೆ, ಅರಮನೆಯಲ್ಲಿ ಹೇಗೆ? ಎರಡೂ ಒಂದಕ್ಕೊಂದು ಕೂಡದಿದ್ದರೆ ಇನ್ನೂ ಒಳ್ಳೆಯದು. ಕುಂಬಾರರದ್ದನ್ನು ಮೊದಲು ಬರೆದು ಕಳಿಸಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಅಂಚು ಜಾಸ್ತಿ ಬಿಡಿ.