ಮದುವೆಗೆ 16 ವಾರ: ತೂಕದ ಚಿಂತೆಗೆ ಮುಂಚೆ ರಕ್ತ ಪರೀಕ್ಷೆ

ಪ್ರಶ್ನೆ: ನನಗೆ 28 ವರ್ಷ. ಎತ್ತರ 158 ಸೆಂ.ಮೀ., ತೂಕ 69 ಕೆ.ಜಿ. ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ದಿನಾ ಮೆಟ್ರೋದಲ್ಲಿ ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಹೋಗುತ್ತೇನೆ. 16 ವಾರಕ್ಕೆ ಮದುವೆ ಇದೆ, ಅಷ್ಟರಲ್ಲಿ 12 ಕೆ.ಜಿ. ಇಳಿಸಬೇಕೆಂದು ಎರಡು ವಾರದಿಂದ ರಾತ್ರಿ ಬರೀ ಹಣ್ಣು ತಿನ್ನುತ್ತಿದ್ದೇನೆ. 2 ಕೆ.ಜಿ. ಇಳಿದಿದೆ. ಆದರೆ ನಿಲ್ದಾಣದ ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆ ತಲೆಸುತ್ತು. ಹೋದ ವರ್ಷ ಹಿಮೋಗ್ಲೋಬಿನ್ 10 ಇತ್ತು. ಜಿಮ್ ಸೇರಲೇ?
— ಓದುಗರು, ವಿಜಯನಗರ

ಉತ್ತರ: ಜಿಮ್‌ಗೆ ದುಡ್ಡು ಕಟ್ಟುವ ಮುಂಚೆ ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ನಿಮ್ಮ ಏದುಸಿರಿಗೆ ತೂಕಕ್ಕಿಂತ ಅದೇ ಕಾರಣ ಇರುವ ಸಂಭವ ಹೆಚ್ಚು. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ), ವಿಟಮಿನ್ ಬಿ12, ಟಿಎಸ್‌ಎಚ್ (ಥೈರಾಯ್ಡ್), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಇಷ್ಟು ಸಾಕು. ಫೆರಿಟಿನ್ ಸರಿಯಿದ್ದೂ ರಕ್ತಕಣಗಳು ಚಿಕ್ಕದಾಗಿದ್ದರೆ ತಲಸ್ಸೇಮಿಯಾ ಎಂಬ, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆಯ ವಾಹಕರೇ ಎಂದು ನೋಡುವ ಎಚ್‌ಬಿಎ2 ಪರೀಕ್ಷೆಯನ್ನೂ ಕೇಳಿ. ವಾಹಕರಾದರೆ ಹುಡುಗನೂ ಮಾಡಿಸಲಿ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ತಿಳಿದುಕೊಳ್ಳಬೇಕಾದ ವಿಷಯ ಇದು.

ಕಬ್ಬಿಣದ ಕೊರತೆ ಎಂದಾದರೆ ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ. ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದೇ ಇರುವುದಕ್ಕೆ ನಮ್ಮ ಕಡೆ ಮಾಮೂಲಿ ಕಾರಣ ಕಾಫಿ. ತಿಂಡಿ, ಮಾತ್ರೆ, ಹಿಂದೆಯೇ ಒಂದು ಲೋಟ ಫಿಲ್ಟರ್ ಕಾಫಿ ಎಂದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ತಿಂಡಿಗೆ ಒಂದು ಗಂಟೆ ಮುಂಚೆ, ನಿಂಬೆರಸ ಬೆರೆಸಿದ ನೀರಿನಲ್ಲಿ ತೆಗೆದುಕೊಳ್ಳಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಎರಡು ಗಂಟೆ ಆದಮೇಲೆ. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿ, ಹಾಗೆ ತೆಗೆದುಕೊಂಡರೂ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ. ಹಿಮೋಗ್ಲೋಬಿನ್ ಸಾಮಾನ್ಯವಾಗಿ ತಿಂಗಳಿಗೆ 1ರಿಂದ 2 ಗ್ರಾಂ ಏರುತ್ತದೆ, ಹಾಗಾಗಿ 16 ವಾರ ಧಾರಾಳವಾಯಿತು.

ಇನ್ನು ಆ 12 ಕೆ.ಜಿ. ಆ ಗುರಿ ಕೈಬಿಡಿ ಎಂದೇ ಹೇಳುತ್ತೇನೆ. ವಾರಕ್ಕೆ ಅರ್ಧ ಕೆ.ಜಿ.ಗಿಂತ ತುಸು ಕಡಿಮೆಯಂತೆ 6ರಿಂದ 7 ಕೆ.ಜಿ. ಇಳಿದರೆ ಅದೇ ಒಳ್ಳೆಯ ಫಲ. ಈಗ ಇಳಿದ 2 ಕೆ.ಜಿ.ಯಲ್ಲಿ ಬಹುಪಾಲು ನೀರು. ಹಣ್ಣಿನ ಮೇಲೆಯೇ ಮುಂದುವರಿದರೆ ಕರಗುವುದು ಬರೀ ಕೊಬ್ಬಲ್ಲ, ಮಾಂಸಖಂಡವೂ ಹೋಗುತ್ತದೆ. ಇನ್ನೊಂದು ಮಾತು ದಯವಿಟ್ಟು ಗಮನಿಸಿ: ಹೊಟ್ಟೆ ಕಟ್ಟಿ ತೂಕ ಇಳಿಸಿದಾಗ ಕೂದಲು ಆಗಲೇ ಉದುರುವುದಿಲ್ಲ, ಎರಡು ಮೂರು ತಿಂಗಳಾದ ಮೇಲೆ ಶುರುವಾಗುತ್ತದೆ. ಲೆಕ್ಕ ಹಾಕಿ, ಸರಿಯಾಗಿ ಮೊಗ್ಗಿನ ಜಡೆ ಹೆಣೆಯುವ ಹೊತ್ತಿಗೆ.

ನಿಮಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ತಿಳಿಸಾರಿನಲ್ಲಿ ಬೇಳೆ ಇದೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ, ಅದರಲ್ಲಿರುವುದು ಬೇಳೆ ಕಟ್ಟು ಮಾತ್ರ. ಬೆಳಿಗ್ಗೆ ಎರಡು ಮೊಟ್ಟೆಯಿಂದ 12 ಗ್ರಾಂ, ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಹುಳಿಯಿಂದ 7, 200 ಗ್ರಾಂ ಮೊಸರಿನಿಂದ 7. ಸಂಜೆ ಆಫೀಸಿನಲ್ಲಿ ಬೋಂಡಾದ ಬದಲು 50 ಗ್ರಾಂ ಕಡಲೆಕಾಳು ನೆನೆಸಿ ಬೇಯಿಸಿದ ಉಸಲಿ ತಿಂದರೆ ಸುಮಾರು 10. ರಾತ್ರಿ ಎರಡು ಚಪಾತಿ, ಪಲ್ಯದ ಜತೆ 30 ಗ್ರಾಂ ಸೋಯಾ ಉಂಡೆ ಇದ್ದರೆ 20ರ ಹತ್ತಿರ. ಅನ್ನ ಬಿಡಬೇಕಿಲ್ಲ, ಎರಡನೇ ಸಲ ಬಡಿಸಿಕೊಳ್ಳಬೇಡಿ, ಅಷ್ಟೆ.

ವ್ಯಾಯಾಮ ಮನೆಯಲ್ಲೇ ಆಗುತ್ತದೆ, ವಾರಕ್ಕೆ ಮೂರು ದಿನ, 30 ನಿಮಿಷ. ಮೊದಲ ಎರಡು ವಾರ, ರಕ್ತ ಸ್ವಲ್ಪ ಸುಧಾರಿಸುವವರೆಗೆ, ಬರೀ ನಡಿಗೆ. ಎದೆ ನೋವು ಬಂದರೆ, ಕೂತಿದ್ದಾಗಲೂ ಏದುಸಿರು ಇದ್ದರೆ ನಡಿಗೆಯನ್ನೂ ನಿಲ್ಲಿಸಿ ಡಾಕ್ಟರನ್ನು ಕಾಣಿ. ಎರಡು ವಾರ ಆದಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, 5 ಲೀಟರಿನ ನೀರಿನ ಕ್ಯಾನನ್ನು ಬಗ್ಗಿ ಸೊಂಟದವರೆಗೆ ಎಳೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು. ಪ್ರತಿಯೊಂದೂ 10 ಸಲದಂತೆ ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು, ಅನ್ನಿಸದಿದ್ದರೆ ಭಾರ ಹೆಚ್ಚಿಸಿ. ಕುರ್ಚಿಯಿಂದ ಏಳುವಾಗ ಮಂಡಿಗಳು ಒಳಕ್ಕೆ ವಾಲಿದರೆ ಮಂಡಿ ನೋವು ಬರಬಹುದು. ಮಂಡಿ ಕಾಲ್ಬೆರಳುಗಳ ನೇರಕ್ಕೇ ಇರಲಿ. ಆಗದಿದ್ದರೆ ಕುರ್ಚಿ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಹಿಮ್ಮಡಿಯ ವ್ಯಾಯಾಮವನ್ನು ಮಾತ್ರ ತಪ್ಪಿಸಬೇಡಿ. ಆರತಕ್ಷತೆಯಲ್ಲಿ ಮೂರು ಗಂಟೆ ನಿಲ್ಲಿಸುವುದು ಆ ಮೀನಖಂಡವೇ. ಉಳಿದ ದಿನ ನಡಿಗೆ. ಶನಿವಾರ ನೇರಳೆ ಮಾರ್ಗದಲ್ಲೇ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು 40 ನಿಮಿಷ ಬಿರುಸಾಗಿ ನಡೆಯಿರಿ.

ರವಿಕೆ ಹೊಲಿಸುವಾಗ ಪಕ್ಕದ ಹೊಲಿಗೆಯಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಡಿಸಿ, ಕೊನೆಯ ಅಳತೆ ಮದುವೆಗೆ 10 ದಿನ ಮುಂಚೆ ನೋಡಿ. ಮದುವೆಯ ನಂತರ ಬೇಗ ಮಗು ಬೇಕೆಂದಿದ್ದರೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಒಂದು ತಿಂಗಳು ಮುಂಚಿನಿಂದಲೇ ಶುರು ಮಾಡಬೇಕು.

ಪ್ರಶ್ನೆ: ಮಗಳ ಮದುವೆಯ ದಿನ ಧಾರೆ ಎರೆಯುವವರೆಗೆ ನನಗೆ ಉಪವಾಸ. ವಯಸ್ಸು 57, ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ಈಗಿನಿಂದ ಏನು ಸಿದ್ಧತೆ ಮಾಡಿಕೊಳ್ಳಲಿ?
— ಓದುಗರು, ಬಸವನಗುಡಿ

ಉತ್ತರ: ನೀವು ಉಂಡರೂ ಬಿಟ್ಟರೂ ಗ್ಲಿಮೆಪಿರೈಡ್ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆ ಖಾಲಿ ಇದ್ದಾಗ ಸಕ್ಕರೆ ದಿಢೀರನೆ ಕುಸಿಯಬಹುದು, ಹೋಮದ ಹೊಗೆ, ಬೆವರಿನ ನಡುವೆ ಅದು ಗೊತ್ತಾಗದೆಯೂ ಇರಬಹುದು. ಅಂದಿನ ಮಾತ್ರೆ ಬಿಡುವುದೋ ಊಟದ ಹೊತ್ತಿಗೆ ಮುಂದೂಡುವುದೋ ಎಂದು ತಿಂಗಳು ಮುಂಚೆಯೇ ನಿಮ್ಮ ಡಾಕ್ಟರನ್ನು ಕೇಳಿ, ನೀವೇ ತೀರ್ಮಾನಿಸಬೇಡಿ. ಹಾಲು, ಹಣ್ಣು ಆಗಬಹುದೇ ಎಂದು ಪುರೋಹಿತರನ್ನೂ ಈಗಲೇ ಕೇಳಿಡಿ. ಈಗಿನಿಂದ ಪ್ರತಿ ಊಟವಾದ ಮೇಲೆ 15 ನಿಮಿಷ ನಡೆಯಿರಿ. ಮುಹೂರ್ತದ ದಿನ ಎರಡು ಗಂಟೆಗೊಮ್ಮೆ ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳಿ. 70ಕ್ಕಿಂತ ಕೆಳಗಿದ್ದರೆ ಉಪವಾಸ ಅಲ್ಲಿಗೇ ಮುರಿಯಿರಿ: ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ. ಆ ಪೊಟ್ಟಣ ಛತ್ರದ ಕೋಣೆಯ ಬೀರುವಿನಲ್ಲಿ ಬೇಡ, ಮಂಟಪದಲ್ಲಿ ನಿಮ್ಮ ಪಕ್ಕ ಕೂರುವವರ ಕೈಯಲ್ಲೇ ಇರಲಿ.