ತಡೆ ಬಂತು ಎಂದರೆ ಬೇಡ ಎಂದೇ ಅರ್ಥವಲ್ಲ

ಸಹೋದರರೇ, ಮೂರು ಸಲ ಸೇವೆಗೆ ಹೊರಟೆ, ಮೂರು ಸಲವೂ ಅಡ್ಡಿಯಾಯಿತು, ದೇವರಿಗೆ ನಾನು ಬೇಡವೇ ಎಂದು ಕೇಳಿದ್ದೀರಿ. ಓದಿ ಮನಸ್ಸು ಭಾರವಾಯಿತು.

ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಅಪೊಸ್ತಲ ಪೌಲನನ್ನು ನೋಡಿ. ರೋಮ್‌ಗೆ ಬರಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಅಡ್ಡಿಯಾಯಿತು ಎಂದು ಅಲ್ಲಿಯ ಕ್ರೈಸ್ತ ಸಭೆಗೆ ಬರೆಯುತ್ತಾನೆ. ಆಗಲೇ ಹೋಗಿಬಿಟ್ಟಿದ್ದರೆ ಆ ಪತ್ರ ನಮ್ಮ ಕೈಗೆ ಸಿಗುತ್ತಿತ್ತೋ ಇಲ್ಲವೋ, ಅಲ್ವಾ? ಕೊನೆಗೆ ರೋಮ್ ಸೇರಿದ್ದು ಕೈದಿಯಾಗಿ. ಬಾಡಿಗೆ ಮನೆಯಲ್ಲಿ, ಸಿಪಾಯಿಯ ಕಾವಲಿನಲ್ಲಿ, 2 ವರ್ಷ ಬಂದವರಿಗೆಲ್ಲ ಸುವಾರ್ತೆ ಹೇಳಿದ.

ಆದರೆ ಎಲ್ಲ ತಡೆಯೂ ಒಂದೇ ಅಲ್ಲ. ಪೌಲ ಬಿಥೂನ್ಯ ಪ್ರಾಂತ್ಯಕ್ಕೆ ಹೋಗದಂತೆ ತಡೆದದ್ದು ದೇವರ ಆತ್ಮ. ಥೆಸಲೊನೀಕ ಪಟ್ಟಣಕ್ಕೆ ಹೋಗಲು ಬಿಡದವನು ಸೈತಾನ ಎನ್ನುತ್ತಾನೆ ಪೌಲ. ಹಾಗಾಗಿ ಆತುರದಲ್ಲಿ ತೀರ್ಮಾನ ಬೇಡ. ಸಭೆಯ ಹಿರಿಯರ ಜೊತೆ ಕೂತು ಪ್ರಾರ್ಥಿಸಿ. ಅಡ್ಡಿ ಹಣದ್ದೋ, ಆರೋಗ್ಯದ್ದೋ, ಮನೆಯವರ ಒಪ್ಪಿಗೆಯದೋ, ಬಿಡಿಸಿ ನೋಡಿ.

ನಾನೂ ಹೀಗೇ ಕಾದವನು. ಆ ದಿನಗಳಲ್ಲಿ ಕಣ್ಣು ಮಂಜಾದ ಒಬ್ಬ ಅಜ್ಜಿಗೆ ಸಂಜೆ ಹೊತ್ತು ಬೈಬಲಿನ ಕೀರ್ತನೆಗಳನ್ನು ಓದುತ್ತಿದ್ದೆ. ಸಾಲು ತಪ್ಪಿದರೆ ಅವರೇ ಬಾಯಿಪಾಠದಿಂದ ತಿದ್ದುತ್ತಿದ್ದರು. ನನ್ನ ಸೇವೆ ಇನ್ನೂ ಶುರುವಾಗಿಲ್ಲ ಎಂದೇ ನಾನು ಅಳುತ್ತಿದ್ದೆ. ಈಗ ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?