ದೊಡ್ಡ ಹೆಸರಿನ ಯೂನಿವರ್ಸಿಟಿಯೋ, ಸಣ್ಣ ಊರಿನದ್ದೋ?

ಪ್ರಶ್ನೆ: ನಮಸ್ಕಾರ ಮೇಡಂ. ದಾವಣಗೆರೆಯಲ್ಲಿ ಎಂ.ಎಸ್ಸಿ ಕೆಮಿಸ್ಟ್ರಿ ಮುಗಿಸಿದ್ದೇನೆ. ಅಮೆರಿಕದಲ್ಲಿ ಎರಡು ಕಡೆ ಪಿಎಚ್.ಡಿ ಸೀಟು ಸಿಕ್ಕಿದೆ. ಒಂದು ಸಮುದ್ರ ತೀರದ ದೊಡ್ಡ ನಗರದ್ದು, ಎಲ್ಲರೂ ಹೆಸರು ಕೇಳಿರುವ ಯೂನಿವರ್ಸಿಟಿ. ವರ್ಷಕ್ಕೆ 38,000 ಡಾಲರ್ ಸ್ಟೈಪೆಂಡ್, ಆದರೆ ಪತ್ರದಲ್ಲಿ ಮೊದಲ ವರ್ಷದ ಮಾತು ಮಾತ್ರ ಇದೆ. ಇನ್ನೊಂದು ಒಳನಾಡಿನ ಸಣ್ಣ ಊರಿನ ಸ್ಟೇಟ್ ಯೂನಿವರ್ಸಿಟಿ. 29,000 ಡಾಲರ್, ಐದು ವರ್ಷ ಕೊಡುತ್ತೇವೆ ಅಂತ ಬರೆದಿದ್ದಾರೆ. ನನಗೆ ಇಷ್ಟವಾದ ಕ್ಯಾಟಲಿಸಿಸ್ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುಗಳ ಅಧ್ಯಯನ) ಕೆಲಸ ಮಾಡುವವರು ಈ ಎರಡನೆಯ ಕಡೆಯೇ ಜಾಸ್ತಿ. ಇಲ್ಲೇ ಸಂಶೋಧನೆ ಮಾಡುವವರಿಗೆ ಸರ್ಕಾರ ಕೊಡುವ ಫೆಲೋಶಿಪ್, ಸಿಎಸ್ಐಆರ್ ಜೆಆರ್‌ಎಫ್ ಕೂಡ ಆಗಿದೆ. ಎಲ್ಲರೂ ದೊಡ್ಡದಕ್ಕೇ ಹೋಗು ಅನ್ನುತ್ತಾರೆ. ಅಲ್ಲಿಯ ಒಬ್ಬ ಪ್ರೊಫೆಸರ್ ಈ ವಾರವೇ ಉತ್ತರ ಕೊಡಿ ಅಂತ ಮೇಲ್ ಮಾಡಿದ್ದಾರೆ. ಅಪ್ಪ ಇಲ್ಲ, ಅಮ್ಮ ಊರಲ್ಲಿ ಒಬ್ಬರೇ. ಏನು ಮಾಡಲಿ?
— ಹೆಸರು ಬೇಡ, ಹರಿಹರ

ಉತ್ತರ: ಮೊದಲು ಆ ಅವಸರದ ಮೇಲ್ ಬಗ್ಗೆ ಹೇಳಿಬಿಡುತ್ತೇನೆ, ಯಾಕಂದ್ರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅನ್ನಿಸುತ್ತದೆ. ಈ ವಾರ ಉತ್ತರ ಕೊಡಬೇಕಾಗಿಲ್ಲ. ಅಮೆರಿಕದ ಗ್ರಾಜುಯೇಟ್ ಶಾಲೆಗಳ ಕೌನ್ಸಿಲ್ಲಿನ ಒಂದು ಒಪ್ಪಂದ ಇದೆ, ಅದಕ್ಕೆ ಏಪ್ರಿಲ್ 15ರ ಒಪ್ಪಂದ ಅಂತಲೇ ಹೆಸರು. ಸ್ಟೈಪೆಂಡ್ ಜೊತೆ ಸೀಟು ಕೊಟ್ಟಿದ್ದರೆ ಆ ದಿನಕ್ಕಿಂತ ಮೊದಲೇ ಒಪ್ಪಿಕೊಳ್ಳಿ ಅಂತ ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಸಹಿ ಹಾಕಿದ ಯೂನಿವರ್ಸಿಟಿಗಳ ಪಟ್ಟಿ ಕೌನ್ಸಿಲ್ಲಿನ ವೆಬ್‌ಸೈಟಿನಲ್ಲೇ ಇದೆ, ನಿಮ್ಮ ಎರಡೂ ಇವೆಯಾ ನೋಡಿಕೊಳ್ಳಿ. ಇದ್ದರೆ "ಏಪ್ರಿಲ್ 15ರೊಳಗೆ ಖಂಡಿತ ತಿಳಿಸುತ್ತೇನೆ" ಅಂತ ವಿನಯದಿಂದ ಬರೆಯಿರಿ, ಸಾಕು.

ಈಗ ದುಡ್ಡು. 38 ದೊಡ್ಡದು, 29 ಚಿಕ್ಕದು ಅಂತ ಸುಮ್ನೆ ನೋಡಬೇಡಿ. ತಿಂಗಳಿಗೆ ಹಂಚಿದರೆ ಒಂದು ಕಡೆ ಸುಮಾರು 3,166 ಡಾಲರ್, ಇನ್ನೊಂದು ಕಡೆ 2,416, ಅದೂ ತೆರಿಗೆ ಕಳೆಯುವ ಮೊದಲು. ಎರಡೂ ಊರಿನಲ್ಲಿ ಈಗ ಓದುತ್ತಿರುವವರನ್ನು ರೂಮಿನ ಬಾಡಿಗೆ ಎಷ್ಟು ಅಂತ ಕೇಳಿ. ಉದಾಹರಣೆಗೆ ನಗರದಲ್ಲಿ 1,600, ಸಣ್ಣ ಊರಿನಲ್ಲಿ 700 ಅಂತ ಇಟ್ಟುಕೊಂಡರೆ ಉಳಿಯುವ ದುಡ್ಡು ಸಣ್ಣ ಊರಿನಲ್ಲೇ ಜಾಸ್ತಿ! ಆರೋಗ್ಯ ವಿಮೆಯನ್ನು ಯಾರು ಕಟ್ಟುತ್ತಾರೆ, ಟ್ಯೂಷನ್ ಬಿಟ್ಟು ಬೇರೆ ಫೀಸು ಎಷ್ಟು, ಬೇಸಿಗೆಯ ಮೂರು ತಿಂಗಳೂ ಸ್ಟೈಪೆಂಡ್ ಬರುತ್ತಾ, ಇವನ್ನೂ ಕೇಳಿ. ಪಾರ್ಟ್‌ಟೈಮ್ ಕೆಲಸ ಮಾಡಿ ತೂಗಿಸಿಕೊಳ್ಳುತ್ತೇನೆ ಅನ್ನುವ ಲೆಕ್ಕ ಬೇಡ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ಸಿನ ಒಳಗೆ ಮಾತ್ರ. ಆ 20 ಗಂಟೆ ಸಾಮಾನ್ಯವಾಗಿ ಸ್ಟೈಪೆಂಡಿಗಾಗಿ ನೀವು ಮಾಡುವ ಟೀಚಿಂಗ್ ಅಸಿಸ್ಟೆಂಟ್ (ಪಾಠ ಮಾಡಲು ನೆರವಾಗುವ) ಕೆಲಸಕ್ಕೇ ಮುಗಿದುಹೋಗುತ್ತದೆ. ಐದು ವರ್ಷಕ್ಕೆ ಬರೆದುಕೊಟ್ಟಿದ್ದಾರೆ ಅನ್ನುವುದನ್ನಂತೂ ನಾನು ತುಂಬಾ ದೊಡ್ಡ ವಿಷಯ ಅಂತ ನೋಡುತ್ತೇನೆ. ಈಚೆಗೆ ಅಲ್ಲಿ ಸಂಶೋಧನೆಗೆ ಬರುವ ಸರ್ಕಾರದ ದುಡ್ಡಿಗೇ ಕತ್ತರಿ ಬಿದ್ದಿದೆ, 2025ರಲ್ಲಿ ಕೆಲವು ಕಡೆ ಕೊಟ್ಟ ಸೀಟನ್ನೇ ವಾಪಸ್ ತೆಗೆದುಕೊಂಡರು. ಹಾಗಾಗಿ ದೊಡ್ಡ ಯೂನಿವರ್ಸಿಟಿಯವರನ್ನು ಎರಡನೇ ವರ್ಷದಿಂದ ಏನು ಕಥೆ ಅಂತ ಬರವಣಿಗೆಯಲ್ಲೇ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ, ಎಲ್ಲರೂ ಕೇಳುತ್ತಾರೆ.

ದುಡ್ಡಿಗಿಂತ ಹೆಚ್ಚು ಸಮಯ ಕೊಡಬೇಕಾದದ್ದು ಗೈಡ್ ವಿಷಯಕ್ಕೆ. ನಾನು ಪಿಎಚ್.ಡಿಗೆ ಸೇರಿದಾಗ ನೋಡಿದ್ದು ಬರೀ ಹೆಸರು. ಆ ಸಂಸ್ಥೆಯಲ್ಲಿ ನನ್ನ ವಿಷಯ ಗೊತ್ತಿದ್ದವರು ಒಬ್ಬರೇ ಇದ್ದರು. ಎರಡನೇ ವರ್ಷದ ಕೊನೆಯಲ್ಲಿ ಅವರು ಬೇರೆ ದೇಶಕ್ಕೆ ಹೊರಟುಬಿಟ್ಟರು. ಮಾಡಿದ ಕೆಲಸ ಅಲ್ಲೇ ಬಿಟ್ಟು ಹೊಸ ಗೈಡ್, ಹೊಸ ವಿಷಯ, ಶುರುವಿನಿಂದ ಶುರು. ಆ ಎರಡು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮಗೆ ಹಾಗಾಗಬಾರದು.

ಅದಕ್ಕೇ ಒಬ್ಬರನ್ನು ನಂಬಿಕೊಂಡು ಹೋಗಬೇಡಿ. ಅಮೆರಿಕದ ಕೆಮಿಸ್ಟ್ರಿ ವಿಭಾಗಗಳಲ್ಲಿ ಸಾಮಾನ್ಯವಾಗಿ ಸೇರಿದ ಮೇಲೆ, ಮೊದಲ ವರ್ಷದಲ್ಲೇ, ಕೆಲವು ಪ್ರೊಫೆಸರ್‌ಗಳ ಜೊತೆ ಮಾತಾಡಿ ಲ್ಯಾಬ್ ಆರಿಸಿಕೊಳ್ಳುತ್ತಾರೆ. ನೀವು ಬಯಸಿದ ಲ್ಯಾಬಿನಲ್ಲಿ ಆ ವರ್ಷ ಜಾಗ ಇಲ್ಲದೆಯೂ ಇರಬಹುದು. ಇವರ ಹತ್ತಿರವಾದರೂ ಸಂತೋಷವಾಗಿ ಕೆಲಸ ಮಾಡುತ್ತೇನೆ ಅನ್ನಿಸುವ ಮೂವರಾದರೂ ಇರಬೇಕು. ನಿಮ್ಮ ಪತ್ರ ಓದಿದರೆ ಅಂಥ ಮೂವರು ಇರುವುದು ಸಣ್ಣ ಊರಿನಲ್ಲೇ ಅಲ್ವಾ?

ಆ ಮೂವರ ಲ್ಯಾಬಿನ ವಿದ್ಯಾರ್ಥಿಗಳಿಗೆ ಮೇಲ್ ಮಾಡಿ, ಹದಿನೈದು ನಿಮಿಷ ವಿಡಿಯೋ ಕಾಲಿನಲ್ಲಿ ಮಾತಾಡಬಹುದಾ ಅಂತ ಕೇಳಿ. ಗೈಡ್ ವಾರಕ್ಕೊಮ್ಮೆಯಾದರೂ ಸಿಗುತ್ತಾರಾ, ಪೇಪರ್ ಬರೆದುಕೊಟ್ಟರೆ ಎಷ್ಟು ದಿನದಲ್ಲಿ ತಿದ್ದಿಕೊಡುತ್ತಾರೆ, ಮುಗಿಸಲು ಎಷ್ಟು ವರ್ಷ ಹಿಡಿಯಿತು, ಮುಗಿಸಿದವರು ಈಗ ಎಲ್ಲಿದ್ದಾರೆ, ಮಧ್ಯದಲ್ಲಿ ಬಿಟ್ಟವರು ಎಷ್ಟು ಜನ, ಯಾಕೆ ಬಿಟ್ಟರು. ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಆ ತಡವರಿಕೆಯನ್ನೂ ಗಮನಿಸಿ. ಬಿಟ್ಟು ಹೋದವರೊಬ್ಬರು ಮಾತಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಪ್ರೊಫೆಸರ್ ಹೊಸಬರಾಗಿದ್ದರೆ ಟೆನ್ಯೂರ್ ಯಾವಾಗ ಅಂತ ತಿಳಿದುಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ಐದಾರು ವರ್ಷಕ್ಕೆ ಕೆಲಸ ಕಾಯಂ ಆಗುತ್ತದೆ, ಇಲ್ಲದಿದ್ದರೆ ಅವರು ಆ ಯೂನಿವರ್ಸಿಟಿ ಬಿಡಬೇಕಾಗುತ್ತದೆ. ಹಾಗಂತ ಹೊಸಬರು ಬೇಡ ಅನ್ನುತ್ತಿಲ್ಲ. ನಿಮ್ಮ ಪಕ್ಕ ನಿಂತು ಕೈಹಿಡಿದು ಕಲಿಸುವವರು ಎಷ್ಟೋ ಸಲ ಅವರೇ.

ಜೆಆರ್‌ಎಫ್ ಅನ್ನು ಮಾತ್ರ ಕಡೆಗಣಿಸಬೇಡಿ. 2023ರ ಜನವರಿಯಿಂದ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. 2025ರ ಮೇ ಕೊನೆಯಿಂದ ಅಮೆರಿಕದವರು ಸ್ಟೂಡೆಂಟ್ ವೀಸಾ ಇಂಟರ್‌ವ್ಯೂಗೆ ಹೊಸ ದಿನಾಂಕ ಕೊಡುವುದನ್ನೇ ಕೆಲವು ವಾರ ನಿಲ್ಲಿಸಿದ್ದರು, ಸೀಟು ಇದ್ದ ಎಷ್ಟೋ ಮಕ್ಕಳು ಪರದಾಡಿದರು. ಹಾಗಾಗಿ ಬೆಂಗಳೂರಿನ ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರ, ಇವಕ್ಕೂ ಅರ್ಜಿ ಹಾಕಿ. ಇವು ಅಮೆರಿಕದ ಮುಂದೆ ಏನೂ ಕಡಿಮೆಯವಲ್ಲ, ರಸಾಯನಶಾಸ್ತ್ರದಲ್ಲಂತೂ ಜಗತ್ತೇ ಓದುವ ಕೆಲಸ ನಡೆಯುವ ಜಾಗಗಳು. ಜೆಆರ್‌ಎಫ್ ಪತ್ರ ಎಲ್ಲಿಯವರೆಗೆ ನಡೆಯುತ್ತದೆ ಅಂತ ಅದರಲ್ಲೇ ನೋಡಿಕೊಂಡು ಜೋಪಾನವಾಗಿಡಿ.

ನನ್ನನ್ನೇ ಕೇಳಿದರೆ, ಆ ವಿಡಿಯೋ ಕಾಲ್‌ಗಳಲ್ಲಿ ಕೆಟ್ಟದ್ದೇನೂ ಕೇಳಿಬರದಿದ್ದರೆ ಸಣ್ಣ ಊರಿಗೇ ಹೋಗಿ ಅನ್ನುತ್ತೇನೆ. ಬೇಡ ಅಂತ ತೀರ್ಮಾನವಾದ ಕಡೆಗೆ ಅವತ್ತೇ ಎರಡು ಸಾಲು ಬರೆದು ತಿಳಿಸಿಬಿಡಿ, ವೇಟಿಂಗ್ ಲಿಸ್ಟಿನಲ್ಲಿ ಯಾರೋ ಕಾಯುತ್ತಿರುತ್ತಾರೆ.

ಅಮ್ಮನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ಅದೂ ಕೊನೆಯಲ್ಲಿ. ಅವರ ಹತ್ತಿರ ಇದನ್ನೆಲ್ಲ ಕೂತು ಮಾತಾಡಿದ್ದೀರಾ? ಮಗಳು ಹೋಗಲಿ ಅಂತ ಅವರು ಬಾಯಲ್ಲಿ ಹೇಳಬಹುದು. ರಾತ್ರಿ ಹುಷಾರು ತಪ್ಪಿದರೆ ಬರುವವರು ಯಾರು, ಬ್ಯಾಂಕು, ಆಸ್ಪತ್ರೆ ನೋಡಿಕೊಳ್ಳುವವರು ಯಾರು ಅಂತ ಇಬ್ಬರೂ ಸೇರಿ ಹೆಸರು ಹಿಡಿದು ಬರೆದಿಟ್ಟುಕೊಳ್ಳಿ. ಚಿಕ್ಕಮ್ಮನೋ ಪಕ್ಕದ ಮನೆಯವರೋ, ಅವರಿಗೆ ಈಗಲೇ ಹೇಳಿಡಿ. ಆ ಪಟ್ಟಿಯಲ್ಲಿ ಒಂದೂ ಹೆಸರು ಬರದಿದ್ದರೆ ಬೆಂಗಳೂರನ್ನು ಮೊದಲ ಆಯ್ಕೆ ಮಾಡಿಕೊಳ್ಳಿ. ಹರಿಹರದಿಂದ ರೈಲು ಹತ್ತಿದರೆ ಅದೇ ದಿನ ತಲುಪುವ ಊರು.